ಬೇಡವೆಂದರೆ ಬಾರದ ಕಾಫಿ

ಗಂಡನಿಗೆ ವರ್ಗವಾಗಿ ಧಾರವಾಡದಿಂದ ರಾಜಧಾನಿಯ ವೈಯಾಲಿಕಾವಲ್‌ಗೆ ಬಂದ ಹೊಸತರಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವರು ಆಫೀಸಿಗೆ ಹೋದರೆ ಸಾಕು, ಬಾಗಿಲಿಗೆ ಹೋಗುವುದು, ಒಳಗೆ ಬರುವುದು, ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುವುದು. ಅದೂ ಮುಗಿದರೆ ಸಂಪಿಗೆ ರಸ್ತೆಗೆ ಹೋಗಿ ಬೇಡದ ಕೊತ್ತಂಬರಿ ಸೊಪ್ಪು ತರುವುದು. ಇಲ್ಲಿಯವರು ಆಡುವುದೂ ಕನ್ನಡವೇ, ಆದರೆ ಸುಮ್ಮನೆ ನುಗ್ಗಿ ಹರಟೆ ಹೊಡೆಯಲು ಒಂದು ಮನೆ ಇಲ್ಲ. "ಒಬ್ಬ ಗೆಳತಿ ಸಿಗಲಿಲ್ಲಂದ್ರ ಗಂಟುಮೂಟಿ ಕಟ್ಟಿಕೊಂಡು ಊರಿಗೆ ಹೋಗತೇನಿ ನೋಡ್ರಿ" ಎಂದು ಗಂಡನಿಗೆ ಹೇಳಿಯೂ ಬಿಟ್ಟಿದ್ದೆ.

ಇದ್ದದ್ದು ಒಂದೇ ಆಸೆ, ಎದುರುಮನೆಯಾಕೆ. ನನಗಿಂತ ತುಸು ಹಿರಿಯರು, ನಗುಮುಖದವರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ, ಹಣೆಗೆ ವಿಭೂತಿ ಹಚ್ಚುವ ಮನೆತನ. ನಾವು ಬೇರೆಯವರೆಂದು ನಮ್ಮ ಗೇಟಿನ ಮೇಲಿನ ಅಡ್ಡಹೆಸರೇ ಸಾರುತ್ತಿತ್ತು. "ಬನ್ನಿ ಒಂದ್ಸಲ ಮನೆಗೆ" ಎಂದರು. ನಾನು ಅಂದು ಸಂಜೆಯೇ ಹೋದೆ. ಕೊಂಚ ಗಾಬರಿಯಾದರೂ ಕೂರಿಸಿದರು. ಒಳಗಿಂದ ಡಿಕಾಕ್ಷನ್ ಘಮ ಬರುತ್ತಿತ್ತು.

"ಕಾಫಿ ಕುಡೀತೀರಾ?"

"ಬ್ಯಾಡ್ರೀ, ಈಗಷ್ಟ ಚಹಾ ಕುಡದ ಬಂದೀನಿ."

"ಹೌದಾ? ಸರಿ ಬಿಡಿ."

ಸರಿ ಬಿಡಿ! ಅಯ್ಯ ನನ್ನವ್ವ, ಇದೆಂಥ ಊರು! ನಮ್ಮ ಕಡೆ ಮೊದಲನೇ 'ಬ್ಯಾಡ'ಕ್ಕೆ ಯಾರೂ ಕಿವಿಗೊಡುವುದಿಲ್ಲ. ಬ್ಯಾಡ ಎನ್ನುವುದು ಬಂದವರ ಮರ್ಯಾದೆ, ಅದನ್ನು ಕೇಳಿಸಿಕೊಳ್ಳದೆ ಕಪ್ಪು ತಂದು ಕೈಗೆ ಹಿಡಿಸುವುದು ಮನೆಯವರ ಮರ್ಯಾದೆ. ಕೇಳಿದ ಕೂಡಲೇ ಹೂಂ ಎಂದವಳನ್ನು ಬರಗೆಟ್ಟವಳು ಎನ್ನುತ್ತಾರೆ.

ಮತ್ತೆ ಹೋದೆ, ಮತ್ತೂ ಹೋದೆ. ಅದೇ ಪ್ರಶ್ನೆ, ಅದೇ ಬ್ಯಾಡ, ಅದೇ ಸರಿ ಬಿಡಿ. ಒಮ್ಮೆಯಂತೂ ಒಲೆಯ ಮೇಲೆ ಹಾಲು ಉಕ್ಕಿತು. ಈ ಸಲ ಬಂತು ಎಂದು ಸೆರಗು ಸರಿಮಾಡಿಕೊಂಡು ಕೂತೆ. ಅವರು ಒಲೆ ಆರಿಸಿ ಬರಿಗೈಯಲ್ಲಿ ಬಂದರು. ಮನೆಗೆ ಬಂದು ಗಂಡನ ಮುಂದೆ ಹಾರಾಡಿದೆ: "ಏನ್ ಜಿಪುಣಿರೀ ಆಕಿ! ಒಂದ ಕಪ್ ಕಾಫಿಗೂ ಗತಿ ಇಲ್ಲೇನು?" ಅವರು ಫೋನಿನಿಂದ ತಲೆ ಎತ್ತಲಿಲ್ಲ. ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಹಟ ಹಿಡಿದು, ಊರಿಗೆ ಹೋಗುವ ಬಸ್ಸುಗಳನ್ನು ನೋಡತೊಡಗಿದೆ.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ಎದುರುಮನೆಯಾಕೆಯೇ ತಡೆದರು. ಮುಖದಲ್ಲಿ ನಗುವಿರಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮನೇಲಿ ನೀವು ಏನೂ ಮುಟ್ಟಲ್ಲ. ಈಗ ಬರೋದನ್ನೂ ಬಿಟ್ರಿ. ನಾವು ಬೇರೆ ಜಾತಿ ಅಂತಾನಾ?"

ಕೊನೆಯ ಮಾತಿಗೆ ಅವರ ದನಿ ನಡುಗಿತು. ನಾನು ಕಾಫಿಗಾಗಿ ಸಿಡಿಮಿಡಿಗೊಳ್ಳುತ್ತಿದ್ದಾಗ ಇವರು ಇದನ್ನು ನುಂಗಿಕೊಂಡು ನಗುತ್ತಿದ್ದರು. ನಾಚಿಕೆಯಾಯಿತು, ಅಳುವೂ ಬಂತು.

"ದೇವರಾಣಿ ಅಲ್ರೀ ಅಕ್ಕಾರ! ನೀವು ಇನ್ನೊಮ್ಮೆ ಕೇಳ್ತೀರಿ ಅಂತ ಕಾದು ಕಾದು ಸಾಯಲಿಕ್ಕತ್ತಿದ್ದೆ!"

"ಅಯ್ಯೋ! ಬೇಡ ಅಂದ್ಮೇಲೆ ಬಲವಂತ ಮಾಡಿದ್ರೆ ನಿಮಗೆ ಹಿಂಸೆ ಅಂತ ಸುಮ್ನಾದೆ ಕಣ್ರೀ!"

ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. ಕೈಹಿಡಿದು ಒಳಗೆ ಕರೆದೊಯ್ದು ಕಾಫಿ ಕೊಟ್ಟರು. ಗಡಿಬಿಡಿಯಲ್ಲಿ ಕುಡಿದು ಬಾಯಿ ಸುಟ್ಟುಕೊಂಡೆ.

"ಇನ್ನೊಂಚೂರು ಹಾಕ್ಲಾ?"

"ಬ್ಯಾಡ್ರೀ" ಎಂದಿತು ನನ್ನ ಹಾಳು ನಾಲಿಗೆ.

ಪಾತ್ರೆ ಹಿಡಿದು ಒಳಗೆ ಹೊರಟಿದ್ದವರು ಅಡುಗೆಮನೆ ಬಾಗಿಲಲ್ಲೇ ನಿಂತರು. ನನ್ನ ಮುಖ ನೋಡಿದರು. ತಿರುಗಿ ಬಂದು, ಏನೂ ಕೇಳದೆ, ಲೋಟ ತುಂಬ ಬಗ್ಗಿಸಿದರು.