ವಿಮಾನ ಮೇಲಿತ್ತು, ಕರೆಂಟು ಹೋಯಿತು

ನಮ್ಮಪ್ಪ ವಿಮಾನ ಹತ್ತಿದವರಲ್ಲ. ಅವರ ದುಡಿಮೆಯೆಲ್ಲ ನೆಲದ ಕೆಳಗೆ, ಚಿನ್ನದ ಗಣಿಯಲ್ಲೇ ನಡೆದದ್ದು. ಆದರೂ ಟೀವಿಯಲ್ಲಿ ವಿಮಾನದ ಸಿನಿಮಾ ಬಂತೆಂದರೆ ಕಲಸಿದ ಅನ್ನ ಕೈಯಲ್ಲೇ ಒಣಗುತ್ತದೆ. ಆ ಭಾನುವಾರ ಮಧ್ಯಾಹ್ನ ಬಂಗಾರಪೇಟೆಯಿಂದ ತವರಿಗೆ ಬಂದ ನನ್ನ ಕಡೆಗೂ ಅವರು ತಿರುಗಿ ನೋಡಲಿಲ್ಲ. ಸಿನಿಮಾದಲ್ಲಿ ಪೈಲಟ್‌ಗೆ ಯಾರೋ ವಿಷ ಹಾಕಿದ್ದರು. ಹಾಕಿದವನು ಪ್ರಯಾಣಿಕರ ನಡುವೆಯೇ ಕೂತಿದ್ದ.

“ಆ ಕನ್ನಡಕದೋನೇ ಕಣಮ್ಮ, ನೋಡ್ತಿರು,” ಎಂದರು ಅಪ್ಪ. ಅವರ ಪ್ರಕಾರ ಅಂಥ ಮುಖದವನನ್ನು ವಿಮಾನಕ್ಕೆ ಸೇರಿಸಲೇಬಾರದಿತ್ತು.

ಕೊನೆಗೆ ಗಗನಸಖಿಯೇ ವಿಮಾನ ಇಳಿಸಲು ಕೂತಳು. ಪೆಟ್ರೋಲು ಮುಗಿಯುತ್ತಿತ್ತು. ಚಕ್ರ ಹೊರಗೆ ಬರಲಿಲ್ಲ. ಕರೆಂಟು ಹೋಯಿತು.

ನಂದಿದುರ್ಗ ಗಣಿಯ ಲೈನುಮನೆಗಳಲ್ಲಿ ಕರೆಂಟು ಹೋದರೂ ಅರ್ಧ ಸಾಲಿಗೇ ಹೋಗುತ್ತದೆ. ಪಕ್ಕದ ಮನೆಯ ಮಾಮನ ಟೀವಿಯಲ್ಲಿ ಅದೇ ಸಿನಿಮಾ ಓಡುತ್ತಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ಎದ್ದು ಹೋಗಿ ಪಕ್ಕದಲ್ಲಿ ಕೂತಿದ್ದರೆ ಮುಗಿದಿತ್ತು. ಆದರೆ ಮಾಮನ ಮೇಕೆ ಅಪ್ಪನ ಕನಕಾಂಬರದ ಗಿಡ ಮೇಯ್ದಿತ್ತು. ಗಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿದು, ಒಂದೇ ಬುತ್ತಿ ಹಂಚಿಕೊಂಡು ತಿಂದವರು ದೀಪಾವಳಿಯಿಂದ ಈಚೆಗೆ ಮಾತು ಬಿಟ್ಟಿದ್ದರು. ಸಂಜೆ ಹೊತ್ತು ಅಪ್ಪ ಬಾಗಿಲಲ್ಲಿ ಒಬ್ಬರೇ ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಇಬ್ಬರಿಗೂ ಬುದ್ಧಿ ಹೇಳಿ ನನ್ನ ಗಂಟಲು ಒಣಗಿದ್ದಷ್ಟೇ ಬಂತು.

“ಹೋಗಿ ನೋಡ್ಬಾರ್ದೇನಪ್ಪ?” ಎಂದೆ.

“ಸತ್ರೂ ಅವ್ನ ವಸ್ಲು ತುಳಿಯಲ್ಲ,” ಎಂದು ಅಪ್ಪ ಗೋಡೆಗೆ ಕಿವಿ ಹಚ್ಚಿ ನಿಂತರು. ವಿಮಾನದ ಗುಡುಗು ಈಚೆಗೆ ಬರುತ್ತಿತ್ತು, ಮಾತು ಒಂದೂ ತಿಳಿಯುತ್ತಿರಲಿಲ್ಲ. ತಡೆಯಲಾಗದೆ, ಸೌಂಡು ಜಾಸ್ತಿ ಮಾಡಲಿ ಎಂದು ಗೋಡೆಯನ್ನು ಗುದ್ದಿದರು. ನಿಲ್ಲಿಸಿ, ಮತ್ತೆ ಗುದ್ದಿದರು.

ಗಣಿಯೊಳಗೆ ಬಂಡೆ ಕುಸಿದು ಆಚೆ ಸಿಕ್ಕಿಕೊಂಡವರು ಹೀಗೇ ಗುದ್ದುತ್ತಿದ್ದರು. ಕೂಗು ಕೇಳಿಸದ ಕಡೆ ಇದ್ದದ್ದು ಅದೊಂದೇ ದಾರಿ. ಕೇಳಿಸಿಕೊಂಡವನು ಕೈಲಿದ್ದುದನ್ನು ಬಿಟ್ಟು ಓಡಬೇಕು. ಜಗಳ ಗಿಗಳ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಸಿನಿಮಾದ ಗುಂಗಿನಲ್ಲಿ ಅಪ್ಪನಿಗೆ ಅದು ಮರೆತೇಹೋಗಿತ್ತು.

ಮಾಮ ಮರೆತಿರಲಿಲ್ಲ. ಲುಂಗಿ ಎತ್ತಿ ಹಿಡಿದು ಬರಿಗಾಲಲ್ಲಿ ಓಡಿಬಂದರು. ಮುಖ ಬಿಳಚಿಕೊಂಡಿತ್ತು. ಗೋಡೆಗೆ ಒರಗಿದ್ದ ಅಪ್ಪನ ಭುಜಗಳನ್ನು ಗಟ್ಟಿಯಾಗಿ ಹಿಡಿದು, “ಏನಾಯ್ತ್ಲಾ? ಎದೆ ನೋವಾ?” ಎಂದರು. ಅವರಿಗೇ ಉಸಿರು ಸಿಗುತ್ತಿರಲಿಲ್ಲ.

ನಾಚಿಕೆಯೋ ಸಂತೋಷವೋ, ಅಪ್ಪನ ಕಣ್ಣು ತುಂಬಿಕೊಂಡಿತು. ಮಾಮನ ಕೈ ಮೇಲೆ ತಮ್ಮ ಕೈ ಇಟ್ಟರು.

“ನಂಗೇನೂ ಆಗಿಲ್ಲ ಕಣ್ಲಾ. ಇಮಾನ ಇಳೀತಾ?”

“ಯಾವನಿಗ್ಗೊತ್ತು? ನೀನು ಗುದ್ದಿದ್ಯಲ್ಲ, ಎದ್ದು ಬಂದ್ಬುಟ್ಟೆ.”