ಹೊಟ್ಟೆ ಮುಟ್ಟಬ್ಯಾಡಿ ದೊಡ್ಡವ್ವ

ಟಗರು ಗುದ್ದಿ ಯಾರಾದರೂ ಆಸ್ಪತ್ರೆ ಸೇರುತ್ತಾರಾ? ನಮ್ಮ ಯಜಮಾನರು ಸೇರಿದರು! ಪರಶುರಾಂಪುರಕ್ಕೆ ಟಗರು ಕೊಳ್ಳಲು ಹೋಗಿದ್ದರು. ಹಲ್ಲು ನೋಡಿ ಬಿಟ್ಟು ಮೇಲೇಳುವಷ್ಟರಲ್ಲಿ ಅದು ನಾಲ್ಕು ಹೆಜ್ಜೆ ಹಿಂದೆ ಸರಿದು ಎಡಪಕ್ಕೆಗೆ ಗುದ್ದಿತ್ತು. ಚಳ್ಳಕೆರೆಗೆ ಬಂದು ಹೊಟ್ಟೆ ಹಿಡಿದು ಕೂತಾಗ ನಾನು ಮೊದಲು ನಕ್ಕೆ. ಆಮೇಲೆ ಮೊಳಕಾಲ್ಮೂರಿನಲ್ಲಿದ್ದ ಅವರ ದೊಡ್ಡವ್ವನಿಗೆ ಫೋನ್ ಮಾಡಿದೆ. ಹೊಟ್ಟೆನೋವು ಅಂದರೆ ನಮ್ಮಲ್ಲಿ ‘ಬಟ್ಟಿ ಜಾರೈತೆ’ ಅಂತಾರೆ. ಹೊಕ್ಕುಳ ಸುತ್ತ ಹರಳೆಣ್ಣೆ ಹಾಕಿ ತಿಕ್ಕಿ ಅದನ್ನು ಕೂರಿಸೋದರಲ್ಲಿ ದೊಡ್ಡವ್ವನದು ಎತ್ತಿದ ಕೈ.

“ನಾಳೆ ಮೊದ್ಲನೇ ಬಸ್ಸಿಗೆ ಬರ್ತೀನಿ,” ಅಂದರು.

ಸಂಜೆಗೆ ಇವರ ಮುಖ ಬಿಳಿಚಿಕೊಂಡಿತು, ಮೈಯೆಲ್ಲ ತಣ್ಣನೆ ಬೆವರು. ಕಾರು ಮಾಡಿಕೊಂಡು ದಾವಣಗೆರೆಗೆ ಓಡಿದೆವು. ಸ್ಕ್ಯಾನ್ ನೋಡಿದ ಸರ್ಜನ್ ಹೇಳಿದರು: “ಪಕ್ಕೆಲುಬಿನ ಕೆಳಗೆ ಗುಲ್ಮ ಅಂತ ಇರುತ್ತಮ್ಮ, ಅದು ಹರಿದಿದೆ. ಆಪರೇಷನ್ ಮಾಡಲ್ಲ. ಅಲುಗಾಡದೆ ಮಲಗಲಿ.”

ನನಗೆ ರೇಗಿಹೋಯಿತು. “ಹರಿದೈತೆ ಅಂತೀರಿ, ಹೊಲಿಯಲ್ಲ ಅಂತೀರಿ! ಸುಮ್ನೆ ಮಲಗೋಕೆ ನಮ್ಮನೇಲಿ ಮಂಚ ಇರ್ಲಿಲ್ವಾ?”

ಪುಣ್ಯಾತ್ಮ, ನಕ್ಕರು. “ರಕ್ತ ಸೋರೋದು ಸದ್ಯ ನಿಂತಿದೆ. ತಾನೇ ಕೂಡಿಕೊಳ್ಳೋ ಸಾಧ್ಯತೆ ಜಾಸ್ತಿ. ನಾಡಿ, ಬಿಪಿ, ರಕ್ತ ನಾವು ನೋಡ್ತಾನೇ ಇರ್ತೀವಿ. ಮತ್ತೆ ಸೋರಿದ್ರೆ ತಕ್ಷಣ ಆಪರೇಷನ್, ಜೀವಕ್ಕೇ ಅಪಾಯ. ಅದಕ್ಕೇ ಹೊಟ್ಟೆ ಮೇಲೆ ಯಾರೂ ಕೈ ಒತ್ತಬಾರದು.”

ದೊಡ್ಡವ್ವನ ನೆನಪು ಆಗಲೂ ಬರಲಿಲ್ಲ ನೋಡಿ ನನಗೆ!

ಮರುದಿನ ಔಷಧಿ ತಂದು ವಾರ್ಡಿಗೆ ಕಾಲಿಟ್ಟರೆ, ದೊಡ್ಡವ್ವ ಮಂಚದ ಪಕ್ಕ ನಿಂತಿದ್ದಾರೆ. ಚಳ್ಳಕೆರೆಯ ಮನೆಗೆ ಹೋಗಿ, ಅಕ್ಕಪಕ್ಕದವರನ್ನು ಕೇಳಿಕೊಂಡು ಇಲ್ಲಿಗೇ ಬಂದಿದ್ದರು. ಸೆರಗು ಸಿಕ್ಕಿಸಿ, ಅಂಗೈಗೆ ಎಣ್ಣೆ ಸುರಿದುಕೊಂಡಾಗಿತ್ತು. ಇವರು ಅರೆನಿದ್ದೆಯಲ್ಲಿದ್ದರು.

“ಹೊಟ್ಟೆ ಮುಟ್ಟಬ್ಯಾಡಿ!” ಅಂತ ಕಿರುಚಿ, ಓಡಿಹೋಗಿ ಆ ಕೈ ತಳ್ಳಿಬಿಟ್ಟೆ. ಎಣ್ಣೆಯೆಲ್ಲ ಹಾಸಿಗೆ ಮೇಲೆ. ವಾರ್ಡಿಗೆ ವಾರ್ಡೇ ನಮ್ಮನ್ನು ನೋಡುತ್ತಿತ್ತು.

“ನೀನೇ ಕರೆದು ನೀನೇ ತಳ್ತೀಯೇನೇ?”

“ಹೂಂ, ಕರೆದಿದ್ದು ನಾನೇ, ತಪ್ಪು ನಂದೇ! ಒತ್ತಿದ್ರೆ ಇವ್ರು ಉಳಿಯಲ್ಲ ದೊಡ್ಡವ್ವ!”

ಆಮೇಲೆ ನನ್ನೊಡನೆ ಮಾತು ಬಿಟ್ಟರು. ಊರಿಗಾದರೂ ಹೋದರಾ? ಇಲ್ಲ! ಸ್ಟೂಲ್ ಹಾಕಿಕೊಂಡು ಅಲ್ಲೇ ಕೂತರು. ನೋಡಲು ಬಂದ ನೆಂಟನೊಬ್ಬ ಪ್ರೀತಿಯಿಂದ ಹೊಟ್ಟೆ ಸವರಲು ಹೋದಾಗ, “ಲೇ, ಬಾಯಲ್ಲಿ ಕೇಳು, ಕೈ ಇಕ್ಬ್ಯಾಡ!” ಅಂತ ಗದರಿಸಿದ್ದೂ ಅವರೇ. ನನಗೆ ನಗು ತಡೆಯಲಾಗಲಿಲ್ಲ.

ನಾಲ್ಕನೇ ದಿನ ಸರ್ಜನ್ ರಿಪೋರ್ಟ್ ಹಿಡಿದು ಬಂದರು. “ರಕ್ತದ ಮಟ್ಟ ಇಳಿದಿಲ್ಲ, ಮತ್ತೆ ಸೋರಿಲ್ಲ. ಗುಲ್ಮ ಉಳೀತಮ್ಮ, ಮೆಲ್ಲಗೆ ಎಬ್ಬಿಸಿ ಕೂರಿಸಿ.” ಆಹಾ, ಕುಣಿಯೋದೊಂದು ಬಾಕಿ ನನಗೆ! ಅತ್ತೆ, ನಕ್ಕೆ, ಗುರುತಿಲ್ಲದ ನರ್ಸಮ್ಮನನ್ನು ತಬ್ಬಿಕೊಂಡೆ. ಇವರು ಎದ್ದು ಕೂತವರೇ, “ಆ ಟಗರು ಮಾರಾಟ ಆಯ್ತೇನೋ ಕೇಳೇ,” ಅಂದರು!

ದೊಡ್ಡವ್ವ ಮಾತ್ರ ನಗಲಿಲ್ಲ. “ಡಾಕ್ಟ್ರೇ, ಮರದಿಂದ ಬಿದ್ರೂ ಇದು ಹರೀತೈತಾ?”

“ಹರಿಯಬಹುದಜ್ಜಿ. ಯಾಕೆ?”

“ನನ್ ಮಗಳು ಹುಣಸೆಮರದಿಂದ ಬಿದ್ದಿದ್ಲು. ಹೊಟ್ಟೆನೋವು ಅಂದ್ಲು. ಎರಡು ದಿನ ನಾನೇ ತಿಕ್ಕಿದೆ. ಮೂರನೇ ದಿನ ತೀರ್ಕೊಂಡ್ಲು.”

ಸರ್ಜನ್ ರಿಪೋರ್ಟ್ ಮಡಚಿದರು. “ಏನಾಗಿತ್ತೋ ಈಗ ಹೇಳೋಕಾಗಲ್ಲ ಅಜ್ಜಿ,” ಅಂದರು.

ದೊಡ್ಡವ್ವ ನನ್ನ ಕಡೆ ತಿರುಗಿದರು. “ಇವನನ್ನೂ ತಿಕ್ಕಿಬಿಡ್ತಿದ್ನಲ್ಲವ್ವಾ,” ಅಂದರು.