ಸೊಟ್ಟಗೆ ಕೂಡಿದ ಎಡಗೈ

ಸಿಂದಗಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜಿನ ಫೋಟೊ, ಇವೇ ನನ್ನ ಹೊಟ್ಟೆಪಾಡು. ಪಂಚನಾಮೆಗೆ ಫೋಟೊ ಬೇಕಾದಾಗ ಪೊಲೀಸರೂ ನನ್ನನ್ನೇ ಕರೆಯುತ್ತಾರೆ. ನಾನು ಗೊಣಗುತ್ತಲೇ ಹೋಗುತ್ತೇನೆ. ಆಲಮೇಲದ ಆಚೆ ಭೀಮಾ ದಂಡೆಯ ಆ ಹಳ್ಳಿಗೆ ಹೊರಟಾಗಲಂತೂ ಸಿಕ್ಕಾಪಟ್ಟೆ ಗೊಣಗಿದ್ದೆ. ಮದುವೆ ಸೀಜನ್ನಿನಲ್ಲಿ ಮದುಮಕ್ಕಳನ್ನು ಬಿಟ್ಟು ಎಲುಬಿನ ಫೋಟೊ ತೆಗೆಯಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ನಾನು ಸಾಲಿ ಕಲಿಯುವಾಗ ಒಮ್ಮೆ ಭೀಮೆ ಉಕ್ಕಿ ದೊಡ್ಡ ಹೊಳೆ ಬಂದಿತ್ತು. ಆಗ ತೇಲಿ ಬಂದ, ಗುರುತು ಹತ್ತದ ಹೆಣಗಳನ್ನು ಆ ಊರವರು ಅವಸರದಲ್ಲಿ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದ್ದರು. ಈಗ ದಂಡೆ ಕುಸಿದು ಎಲುಬುಗಳು ಹೊರಬಿದ್ದಿದ್ದವು. ಊರ ಹೆಣ್ಣುಮಕ್ಕಳು ಪೊಲೀಸರ ದಾರಿ ಕಾಯಲಿಲ್ಲ. ಒಂದೊಂದನ್ನೂ ಆರಿಸಿ, ತೊಳೆದು, ವಿಭೂತಿ ಹಚ್ಚಿ, ಹೊಸ ಧೋತರದಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಗಂಟು ಕಟ್ಟಿ ಗುಡಿಯ ಕಟ್ಟೆಯ ಮೇಲೆ ಇಟ್ಟಿದ್ದರು.

ಪೊಲೀಸ್ ಫೌಜದಾರರು ಹಣೆ ಚಚ್ಚಿಕೊಂಡರು. "ಯಾರ ಕೈ, ಯಾರ ಕಾಲು, ಇನ್ನ ಆ ದೇವರಿಗೇ ಗೊತ್ತು!"

ಮರುದಿನ ಡಾಕ್ಟರ್ ಬಾಯಾರು ಬಂದರು; ಮೇಡಂ ಎನ್ನುವುದಕ್ಕೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಎಲುಬಿನ ಪಾಠ ಹೇಳುವವರು, ಹುಟ್ಟಿದ್ದು ಮುದ್ದೇಬಿಹಾಳದ ಕಡೆ. ಎಲುಬು ನೋಡಿ ಆಳಿನ ಗುರುತು ಹೇಳುತ್ತಾರೆಂದು ಕೇಳಿ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಭವಿಷ್ಯ ಹೇಳುವವರಿಗೆ ನಮ್ಮ ಕಡೆ ಏನು ಬರವೇ!

ಬಾಯಾರು ಗಂಟು ಬಿಚ್ಚಿ ನೋಡಿದರು. ಬೈಯುತ್ತಾರೆಂದು ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದಿದ್ದರು. ಬಾಯಾರು ಕೇಳಿದ್ದು ಇಷ್ಟೇ: "ತೊಳೆದೋರು ಯಾರ್‍ಯಾರ್ರಿ? ಗುಂಡಿ ಸುತ್ತ ಹೆಂಗ ಕುಂತು ಆರಿಸಿದ್ರಿ? ಹಂಗಽ ಕುಂದರ್ರಿ ನೋಡೂಣು."

ಎಲುಬು ತೊಳೆದ ಐವರೂ ಗುಂಡಿಯ ಹತ್ತಿರ ಹೋಗಿ ಅಂದು ಕುಳಿತಲ್ಲೇ ಕುಳಿತರು. ಬಾಯಾರು ಒಂದೊಂದೇ ಎಲುಬು ತೋರಿಸಿದರು. "ಇದು ನಾ ತೊಳದದ್ರಿ, ಇದರ ತುದಿ ಚೂರು ಒಡದಿತ್ತು, ಕೂಸಿಗೆ ಎರದಂಗ ಎರದೇನಿ" ಎಂದಳೊಬ್ಬಳು. "ಅದು ನನ್ನ ಕಡೆ ಇತ್ರಿ, ಈ ಮೂಲ್ಯಾಗ" ಎಂದಳು ಇನ್ನೊಬ್ಬಳು. ಕೂಸುಗಳಿಗೆ ನೀರು ಎರೆದೆರೆದು ಪಳಗಿದ ಕೈಗಳು ಯಾವುದನ್ನೂ ಮರೆತಿರಲಿಲ್ಲ. ಬಾಯಾರು ಅವರು ಹೇಳಿದಂತೆ ಹಾಳೆಯ ಮೇಲೆ ಗುಂಡಿಯ ನಕ್ಷೆ ಬರೆದುಕೊಂಡರು. ಎಲ್ಲರೂ ತಪ್ಪೆಂದದ್ದನ್ನೇ ಅವರು ಸಾಕ್ಷಿ ಮಾಡಿಕೊಂಡಿದ್ದರು. ಅಲ್ಲಿಗೆ ನನ್ನ ಗೊಣಗಾಟ ನಿಂತಿತು.

ಮೂರು ದಿನ ಸಾಲಿಯ ಕೋಣೆಯಲ್ಲಿ ತಾಡಪತ್ರಿ ಹಾಸಿ, ನೆಲದ ಮೇಲೆ ಕುಳಿತು, ಕೀಲಿಗೆ ಕೀಲು ಹೊಂದಿಸಿದರು. ಬಲತೊಡೆಯ ಎಲುಬು ನಾಲ್ಕು, ಅಂದರೆ ಕಡಿಮೆಯೆಂದರೂ ನಾಲ್ಕು ಜನ. ಒಬ್ಬನ ಕೊರಳ ಬುಡದ ಎಲುಬು ತೋರಿಸಿ, "ಈ ತುದಿ ಈಗರೆ ಕೂಡಾಕತ್ತಿತ್ತು, ಇಪ್ಪತ್ತೈದರ ಆಜುಬಾಜು ವಯಸ್ಸು" ಎಂದರು. ಅವನದೇ ಎಡ ಮುಂಗೈಯ ವಿಭೂತಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿದಾಗ ಒಂದು ಸೊಟ್ಟು, ಒಂದು ಗಂಟು ಕಂಡವು.

"ಸಣ್ಣಾಂವಿದ್ದಾಗ ಮುರದೈತಿ. ಎಲುಬು ಕಟ್ಟೋರು ಬಿದಿರ ದಬ್ಬಿ ಕಟ್ಟಿ ಕೂಡಿಸ್ಯಾರ. ಸೊಟ್ಟ ಕೂಡೇತಿ, ಆದರ ಗಟ್ಟಿ ಕೂಡೇತಿ." ನಾನು ಅದರ ಫೋಟೊವನ್ನು ನಾಲ್ಕೂ ಕಡೆಯಿಂದ ತೆಗೆದೆ.

ಸುದ್ದಿ ಕೇಳಿ ಬಂದವರಲ್ಲಿ ಇಂಡಿ ಊರಿನ ಒಬ್ಬ ಮುಸ್ಲಿಂ ಹೆಣ್ಣುಮಗಳಿದ್ದಳು, ಅರವತ್ತು ದಾಟಿದವಳು. ಅವಳ ತಮ್ಮ ಲಿಂಬಿಕಾಯಿ ಪೇಟೆಯ ಹಮಾಲ. ಆ ಹೊಳೆ ಬಂದಾಗ ಕೊಚ್ಚಿಹೋದ ಟೆಂಪೋದಲ್ಲಿದ್ದ. ಮಗನನ್ನು ತನ್ನ ಬಾಜೂಕೇ ಮಣ್ಣು ಮಾಡಬೇಕೆಂದು ಹೇಳಿ ತಾಯಿ ಕಣ್ಣು ಮುಚ್ಚಿದ್ದಳು. ಆ ಜಾಗ ಇನ್ನೂ ಖಾಲಿ ಇತ್ತು. ವಿಭೂತಿ ಹಚ್ಚಿದ ವಿಷಯವನ್ನು ನಾನು ಅಳುಕುತ್ತಲೇ ಹೇಳಿದೆ. ಅವಳೋ, "ಜಳಕಾ ಮಾಡ್ಸ್ಯಾರಲ್ಲ, ಅವರ ಹೊಟ್ಟಿ ತಣ್ಣಗಿರಲಿ" ಎಂದುಬಿಟ್ಟಳು.

ವಯಸ್ಸು ಕೂಡಿತು, ಎತ್ತರ ಕೂಡಿತು. ಬಾಯಾರು ಕೇಳಿದರು, "ಸಣ್ಣಾಂವಿದ್ದಾಗ ಎಲ್ಲಿರೆ ಎಲುಬು ಮುರದಿತ್ತೇನ್ರಿ?"

ಅವಳು ಸೆರಗು ಸರಿಮಾಡಿಕೊಂಡಳು. "ಇಲ್ರಿ ಬಾಯಾರ. ಏನೂ ಆಗಿಲ್ರಿ."

ಆ ಸೊಟ್ಟ ಎಡಗೈಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಾರು ನನ್ನನ್ನು ಗುರಾಯಿಸಿದರು. ಅವಳು ಬಸ್‌ಸ್ಟ್ಯಾಂಡಿನ ಕಡೆ ಹೋದ ಮೇಲೆ ನಾನು ಹಾರಿಬಿದ್ದೆ, "ಆ ಕೈ ಒಮ್ಮೆ ತೋರಿಸಿದ್ರ ಏನ್ ಗಂಟು ಹೋಗ್ತಿತ್ರಿ?"

"ತೋರಿಸಿ ಕೇಳಿದ್ರ ಎಲ್ಲಾರೂ ಹೌದಂತಾರ್ರಿ. ಹುಡುಕಿ ದಣದೋರು ಯಾರನ್ನಾದ್ರೂ ತಮ್ಮವರಂತ ತಬ್ಬಿಕೊಳ್ತಾರ. ಆಮ್ಯಾಲೆ ಇವನ ಖರೇ ಅಕ್ಕ ಎಲ್ಲಿರೆ ಇದ್ರ, ಆಕೀಗೆ ಏನ್ ಹೇಳೂಣು?"

 ಒಂದು ತಾಸಿಗೆ ಅದೇ ಹೆಣ್ಣುಮಗಳು ತಿರುಗಿ ಬಂದಳು. ಇಂಡಿ ಬಸ್ಸು ಬಂದರೂ ಹತ್ತಿರಲಿಲ್ಲ. ಸಾಲಿಯ ಮೆಟ್ಟಿಲ ಮೇಲೆ ಕುಳಿತಳು.

"ಸುಳ್ಳು ಹೇಳಿದೆ ಬಾಯಾರ. ಎಡಗೈ ಮುರದಿತ್ರಿ. ಟೊಂಕದ ಮ್ಯಾಲೆ ಕುಂದರಿಸಿಕೊಂಡು ಹೊಂಟಾಗ ನಾನಽ ಕೆಡವಿದ್ದೆ. ನನಗ ಎಂಟು ವರ್ಷ, ಅವಗ ಮೂರು. ತಾನಽ ಬಿದ್ದ ಅಂತ ಅವ್ವಗ ಹೇಳಿದೆ. ಅವ್ವ ಸಾಯೂತನಕಾ ನಾ ಬಾಯಿ ಬಿಡಲಿಲ್ರಿ."

ಬಾಯಾರು ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಆ ಸೊಟ್ಟ ಎಲುಬಿನ ಮೇಲಿನ ಉಬ್ಬುಗಳನ್ನು ಅವಳ ಬೆರಳಿಗೇ ಮುಟ್ಟಿಸಿದರು. "ನೋಡ್ರಿ ಅಕ್ಕಾರ, ಮಾಂಸ ಹಿಡಕೊಂಡಿದ್ದ ಗುರುತು ಎಷ್ಟು ದಪ್ಪ ಐತಿ. ಈ ಕೈಲೇ ವರ್ಷಾನುಗಟ್ಟಲೆ ಚೀಲ ಎತ್ಯಾನ. ಕೆಲಸಕ್ಕ ಬಾರದ ಕೈ ಹಿಂಗ ಇರಂಗಿಲ್ಲ, ಸೊರಗತೈತಿ."

ಆಕೆ ಗಳಗಳ ಅತ್ತಳು. ನಾನೂ ಅತ್ತೆ, ಹೇಳಲು ನಾಚಿಕೆಯೇನಿಲ್ಲ. ಇಷ್ಟು ವರ್ಷ ಯಾರೂ ಇಳಿಸಲಾಗದ ಭಾರವನ್ನು ಆ ಪುಣ್ಯಾತ್ಗಿತ್ತಿ ಎರಡು ಮಾತಿನಲ್ಲಿ ಇಳಿಸಿದ್ದರು, ಅದೂ ಒಂದು ಸುಳ್ಳು ಆಡದೆ.

ಆದರೂ ಅವರು ಅವತ್ತೇ ಹೌದು ಎನ್ನಲಿಲ್ಲ. ಅಕ್ಕನ ರಕ್ತ, ಅವನ ಹಲ್ಲು ಡಿಎನ್‌ಎ ಪರೀಕ್ಷೆಗೆ ಲ್ಯಾಬಿಗೆ ಹೋದವು. ಕೆಲವು ತಿಂಗಳ ಮೇಲೆ ಅಲ್ಲಿಂದಲೂ ಹೌದೆಂದು ಬಂದಾಗ ಬಾಯಾರು ತಾವೇ ಫೋನ್ ಮಾಡಿ ಅವಳನ್ನು ತಮ್ಮ ಕಾಲೇಜಿಗೆ ಕರೆಸಿದರು. ನನ್ನನ್ನೂ ಕರೆದಿದ್ದರು, ಆ ಸಲ ನಾನು ಗೊಣಗಲಿಲ್ಲ.

ತಮ್ಮನ ಎಲುಬಿದ್ದ ಬಿಳಿ ಬಟ್ಟೆಯ ಗಂಟನ್ನು ಅವಳು ಎತ್ತಿ ಟೊಂಕಕ್ಕೆ ಇಟ್ಟುಕೊಂಡಳು. ಹೊರಗೆ ಮೂರು ಮೆಟ್ಟಿಲಿದ್ದವು. ವಯಸ್ಸಾದವಳೆಂದು ನಾನು ಹಿಡಿಯಲು ಕೈ ಚಾಚಿದೆ.

"ಬ್ಯಾಡ್ರಿ" ಎಂದಳು. ಎರಡೂ ಕೈಯಿಂದ ಅವುಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.